ಮುನ್ನೂರು ರೂಪಾಯಿಯ ಎತ್ತು

ಐವತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯ ಹತ್ತಿ ದಲ್ಲಾಳಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಅಲ್ಲೇ ಆನೆಕೊಂಡದಲ್ಲಿ ಅಮ್ಮ, ಅಕ್ಕನ ಜೊತೆ ಮನೆ. ಮದುವೆಯಾಗಿರಲಿಲ್ಲವಾದ್ದರಿಂದ ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತಿತ್ತು. ಈ ಸಂಗತಿ ನನ್ನ ಹೈಸ್ಕೂಲಿನ ಗೆಳೆಯನೊಬ್ಬನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅವನು ಹರಿಹರದವನು. ತಂದೆ ತೀರಿಕೊಂಡಿದ್ದರು. ಹೊಳೆಯ ಕಡೆ ದೊಡ್ಡ ಮನೆ, ಊರಾಚೆ ಎರೆಹೊಲ. ಹೊಲವನ್ನು ತಾನೇ ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದ. ಅದು ನಿಜ, ಅವನು ನೋಡುತ್ತಿದ್ದ. ಕೆಲಸ ಮಾಡಿಸುತ್ತಿದ್ದವರು ಅವನ ತಾಯಿ. ಅವನೋ ಎತ್ತರದ ಆಳು, ಗುಂಗುರು ಕೂದಲು, ಗುಡಿಯ ಗಂಟೆಯಂಥ ದನಿ. ಆ ದನಿಯಲ್ಲಿ ಏನು ಹೇಳಿದರೂ ನಂಬಬೇಕು ಅನ್ನಿಸುತ್ತಿತ್ತು.

ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಅಂಗಡಿಗೆ ಬಂದು ಜಮಖಾನದ ಮೇಲೆ ಕೂತವನೇ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

"ಎತ್ತು ಸತ್ತು ಹೋತಲೇ. ನಾಳೆ ಮಳಿ ಬಂದ್ರ ಒಂಟೆತ್ತು ಕಟ್ಕಂಡು ಹೆಂಗೆ ಬಿತ್ಲಿ? ಮುನ್ನೂರು ರೂಪಾಯಿ ಇದ್ರ ಕೊಡು. ಮನ್ಯಾಗಿನ ಜ್ವಾಳ ಮಾರಿದ ಕೂಡ್ಲೇ ತಂದು ಕೊಡ್ತೀನಿ. ಅವ್ವಗೆ ಮಾತ್ರ ತಿಳಿಸಬ್ಯಾಡ, ಮನಸ್ಸಿಗೆ ಹಚ್ಕಂತಾಳೆ."

ಕೊಟ್ಟಿಗೆಯಲ್ಲಿ ಎತ್ತು ಸತ್ತದ್ದು ಮನೆಯ ಯಜಮಾನಿಗೆ ತಿಳಿಯದೆ ಇರುವುದು ಹೇಗೆ ಎಂದು ನನಗೆ ಹೊಳೆಯಲೇ ಇಲ್ಲ. ಕೂಡಿಟ್ಟಿದ್ದನ್ನೆಲ್ಲ ತೆಗೆದು ಕೊಟ್ಟೆ.

ಜೋಳ ಮಾರಿದನೋ ಇಲ್ಲವೋ, ದುಡ್ಡು ಬರಲಿಲ್ಲ. ಭಾನುವಾರ ರೈಲು ಹತ್ತಿ ಹರಿಹರಕ್ಕೆ ಹೋದರೆ ಸ್ಟೇಷನ್ನಿನಲ್ಲೇ ತಬ್ಬಿಕೊಳ್ಳುತ್ತಿದ್ದ. ಮನೆಗೆ ಕರೆದುಕೊಂಡು ಹೋಗುತ್ತಿರಲಿಲ್ಲ. ಹೋಟೆಲಿಗೆ ಕರೆದುಕೊಂಡು ಹೋಗಿ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ ಹೇಳಿ, ಎದ್ದು ಕೈತೊಳೆಯಲು ಹೋದವನು ನಾನು ಬಿಲ್ಲು ಕೊಟ್ಟ ಮೇಲೆಯೇ ಬರುತ್ತಿದ್ದ. ಸಾಲ ವಾಪಸು ಕೇಳಲು ಹೋಗಿ ಬರುವ ಖರ್ಚೇ ಬಡ್ಡಿಗಿಂತ ಹೆಚ್ಚಾಯಿತು.

ಒಮ್ಮೆ ದಾವಣಗೆರೆಯ ಪೇಟೆಯಲ್ಲೇ ಸಿಕ್ಕ. ನನ್ನನ್ನು ಕಂಡ ಕೂಡಲೇ ಪಕ್ಕದ ಅಂಗಡಿಯೊಳಗೆ ನುಗ್ಗಿದ. ಅದು ಬಳೆ ಅಂಗಡಿ. ಒಳಗೆ ತುಂಬ ಹೆಂಗಸರು. ನಾನು ಆತುರಪಡಲಿಲ್ಲ. ಎದುರಿನ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡೆ. ಸುಮ್ಮನೆ ನಿಂತವನನ್ನು ಬಳೆಗಾರ ಎಷ್ಟು ಹೊತ್ತು ಬಿಟ್ಟಾನು? ಕೊನೆಗೆ ಒಂದು ಡಜನ್ ಹಸಿರು ಬಳೆ ಹಿಡಿದು ಹೊರಗೆ ಬಂದ.

"ಲೇ ದೋಸ್ತ, ನಿನ್ನೇ ಹುಡುಕ್ತಿದ್ದೆ. ತಗೋ, ನಿಮ್ಮಕ್ಕಗೆ ಕೊಡು" ಎಂದು ಕೈಗಿಟ್ಟು ಗುಂಪಿನಲ್ಲಿ ಮಾಯವಾದ.

ಅಕ್ಕನಿಗೆ ಬಳೆ ಹಿಡಿಸಿದವು. ನನಗೆ ಬುದ್ಧಿ ಬಂದದ್ದು ಮಾತ್ರ ಅದಾದ ಸ್ವಲ್ಪ ದಿನಕ್ಕೆ. ಹೊಳೆಯಾಚೆಯ ಹಳ್ಳಿಯ ರೈತರೊಬ್ಬರು ಅಂಗಡಿಗೆ ಬಂದವರು ಅದೂ ಇದೂ ಮಾತಾಡುತ್ತ, "ನಿಮ್ಮ ಹರಿಹರದ ದೋಸ್ತರು ನಮ್ಮೂರ ನಾಟಕದಾಗ ರಾಜನ ಪಾರ್ಟು ಏನ್ ಮಾಡಿದ್ರು ಅಂತೀರಿ!" ಎಂದರು. "ಡ್ರೆಸ್ಸಿನ ಬಾಡಿಗಿ, ಹಾರ್ಮೋನಿಯಂ ಪೇಟಿ ಮಾಸ್ತರ ಸಂಬಳ, ಹೆಣ್ಣಿನ ಪಾರ್ಟು ಮಾಡಾಕ ನಾಟಕ ಕಂಪನಿಯಿಂದ ಹೆಣ್ಮಕ್ಕಳನ್ನ ಕರೆಸಿದ್ದು, ಎಲ್ಲಾ ಖರ್ಚೂ ಅವರ್ದೇ. ಅದಕ್ಕ ರಾಜನ ಪಾರ್ಟು ಅವರಿಗೇ ಬಂತು ನೋಡ್ರಿ."

ನಾಟಕ ಯಾವಾಗ ಆಯಿತೆಂದು ಕೇಳಿದೆ. ಯುಗಾದಿಯಾಗಿ ಹದಿನೈದು ದಿನಕ್ಕೆ ಎಂದರು. ನನ್ನ ಎತ್ತು ಕಿರೀಟ ಇಟ್ಟುಕೊಂಡು ರಂಗದ ಮೇಲೆ ಕುಣಿದಿತ್ತು.

ಸಾಲಗಾರನ ಬಾಗಿಲಲ್ಲಿ ಕೂತು ವಸೂಲಿ ಮಾಡುವುದು ಹಳೆಯ ಪದ್ಧತಿ. ನಾನು ಬಾಗಿಲಲ್ಲಿ ಕೂರುವುದು ಬೇಡ, ಒಳಗೇ ಕೂರೋಣ ಎಂದುಕೊಂಡೆ. ಶ್ರಾವಣದಲ್ಲಿ ಅಂಗಡಿಗೆ ಕೆಲಸ ಕಡಿಮೆ. ಸಾಹುಕಾರರನ್ನು ಕೇಳಿ ರಜೆ ಪಡೆದು, ಹಾಸಿಗೆ ಸುತ್ತಿಕೊಂಡು, ಹೇಳದೆ ಕೇಳದೆ ಹರಿಹರದ ಅವನ ಮನೆಯ ಪಡಸಾಲೆಯಲ್ಲಿ ಇಳಿದೆ. ಅವನ ಮುಖ ಸುಣ್ಣ ಬಳಿದಂತಾಯಿತು. ತಾಯಿಯ ಮುಖ ಅರಳಿತು.

"ಬಾ ತಮ್ಮಾ, ಬಾ. ಸಾಲಿ ಬಿಟ್ಟ ಮ್ಯಾಲೆ ಈ ಮನಿ ಮರೆತೇ ಬಿಟ್ಟಿದ್ದಿ. ಈಗ ಬಂದೀಯಲ್ಲ, ನಾಲ್ಕು ದಿನ ಇದ್ದು ಹೋಗು" ಎಂದರು.

"ನಾಲ್ಕಲ್ಲ ಅವ್ವಾ, ಇನ್ನೂ ಜಾಸ್ತಿ ಇರ್ತೀನಿ" ಎಂದೆ.

ಮಧ್ಯಾಹ್ನ ಊಟಕ್ಕೆ ಕೂತೆವು. ಬಿಸಿ ರೊಟ್ಟಿ, ಎಣಗಾಯಿ, ಕೆನೆಮೊಸರು. ಎರಡನೆಯ ರೊಟ್ಟಿ ಮುರಿಯುತ್ತ ಕೇಳಿದೆ: "ಅವ್ವಾ, ಎತ್ತು ಹೆಂಗ ಅದಾವೆ?"

ಗೆಳೆಯನಿಗೆ ತುತ್ತು ನೆತ್ತಿಗೆ ಹತ್ತಿತು. ತಾಯಿ ಅವನ ಬೆನ್ನು ತಟ್ಟುತ್ತಲೇ, "ಅವಕ್ಕೇನಾಗೈತೆ, ಗುಂಡುಕಲ್ಲಿನಂಗ ಅದಾವೆ" ಎಂದರು.

ಕೈತೊಳೆಯುವ ನೆಪದಲ್ಲಿ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದ. "ನಿನ್ನ ಕಾಲು ಹಿಡೀತೀನಿ, ಎತ್ತಿನ ಸುದ್ದಿ ಮಾತ್ರ ಎತ್ತಬ್ಯಾಡ!"

"ಎತ್ತಲ್ಲ ಬಿಡು" ಎಂದೆ. ಸಾಲದ ಮಾತನ್ನೂ ಎತ್ತಲಿಲ್ಲ. ಸುಮ್ಮನೆ ಇದ್ದೆ, ಅಷ್ಟೇ.

ಬೆಳಕು ಹರಿಯುವ ಮುಂಚೆ ಎದ್ದು ಹೊಳೆಯಲ್ಲಿ ಮಿಂದು, ಗುಡಿಗೆ ಹೋಗಿ, ಹಣೆತುಂಬ ವಿಭೂತಿ ಬಳಿದುಕೊಂಡು ಬರುತ್ತಿದ್ದೆ. ಬರುವಾಗ ಒಂದು ಕೊಡ ನೀರು. ಸಂಜೆ ತಾಯಿಗೆ ಪೇಪರು ಓದಿ ಹೇಳುವುದು. ಮನೆಯಲ್ಲಿ ಕೊಡ ಮುಟ್ಟದ ನನ್ನನ್ನು ನಮ್ಮಮ್ಮ ಹೀಗೆ ಕಂಡಿದ್ದರೆ ಮೂರ್ಛೆ ಹೋಗುತ್ತಿದ್ದರು. ಮೂರನೆಯ ದಿನದಿಂದ ಆ ತಾಯಿ ಮಗನ ಕಂಬಳಿ ಎಳೆಯತೊಡಗಿದರು. "ಏಳು, ಬಂದ ನೆಂಟ ನೀರು ತರ್ತಾನೆ, ನೀನು ಬಿದ್ಕಂಡೀಯಲ್ಲ!" ಎಂಟು ಗಂಟೆಗೆ ಏಳುತ್ತಿದ್ದ ರಾಜ, ಶ್ರಾವಣದ ತಣ್ಣನೆಯ ಹೊಳೆಯಲ್ಲಿ ಹಲ್ಲು ಕಟಕಟ ಕಡಿಯುತ್ತ ನನ್ನನ್ನು ಬೈಯುತ್ತಿದ್ದ.

ವಾರ ತುಂಬುವ ಹೊತ್ತಿಗೆ ಅವನೂ ಒಂದು ಪಟ್ಟು ಹಾಕಿದ. ಹೊರಗಿನಿಂದ ಓಡಿ ಬಂದು, "ಲೇ, ನಿಮ್ಮ ಸಾಹುಕಾರರಿಗೆ ಭಾಳ ಜಡ್ಡಂತೆ. ಈಗಿಂದೀಗ ಬರಬೇಕಂತೆ" ಎಂದ.

ನಾನು ಏಳಲಿಲ್ಲ. ತಾಯಿ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟರು. "ಸುದ್ದಿ ಯಾರು ತಂದ್ರು?"

"ಯಾರೋ... ಸ್ಟೇಷನ್ನಿನಾಗೆ..."

"ಸುಮ್ನಿರು." ನನ್ನ ಕಡೆ ತಿರುಗಿದರು. "ತಮ್ಮಾ, ಇವ ನಿನಗ ಎಷ್ಟು ಕೊಡಬೇಕು, ಹೇಳಿಬಿಡು."

"ಮುನ್ನೂರು ಅವ್ವಾ" ಎಂದೆ.

"ಇವ ರಾಜ ಆಗಿದ್ದ ಆ ನಾಟಕಕ್ಕ ಓಣಿ ಹೆಣ್ಮಕ್ಕಳ ಜತಿಗೆ ಗಾಡ್ಯಾಗ ನಾನೂ ಹೋಗಿದ್ದೆ. ಮುಖಕ್ಕ ಬಣ್ಣ ಬಳಕಂಡ್ರ ಹೆತ್ತಾಕಿಗೆ ಗುರ್ತು ಸಿಗಲ್ವೇನು? ಇಷ್ಟು ದುಡ್ಡು ಎಲ್ಲಿಂದ ತಂದ ಅಂತ ಅವತ್ತಿಂದ ನೋಡ್ತಾನೇ ಇದ್ದೆ. ಯಾರಾದ್ರೂ ಕೇಳಾಕ ಬಂದೇ ಬರ್ತಾರ ಅಂತ ಕಾದಿದ್ದೆ. ನೀ ಬಂದು ಎತ್ತು ಹೆಂಗ ಅದಾವೆ ಅಂದಿ ನೋಡು, ಎತ್ತಿನ ನೆಪ ಹೇಳಿ ಇಸ್ಕಂಡಾನ ಅಂತ ಆಗ ತಿಳೀತು."

ಮಗ ಈಗ ಅವರ ಕಾಲಿಗೆ ಬೀಳುತ್ತಾನೆ ಎಂದುಕೊಂಡೆ. ಅವನು ಕಂಬಕ್ಕೆ ಒರಗಿ ನಿಂತು, ಮಗುವಿನಂತೆ ಕಣ್ಣರಳಿಸಿ ಕೇಳಿದ: "ಪಾರ್ಟು ಹೆಂಗಿತ್ತವ್ವಾ?"

"ಪಾರ್ಟೇನೋ ಚಲೋ ಇತ್ತು. ಆದ್ರ ರಾಜ ಸಾಯಾಕ ಅಷ್ಟು ಹೊತ್ತು ತಗಂತಾರೇನು? ನನ್ನ ಬಾಜೂಕಿನಾಕಿ ನಿದ್ದಿ ಹೋದ್ಲು."

"ಒನ್ಸ್ ಮೋರ್ ಅಂದ್ರಲ್ಲವ್ವಾ! ಅದಕ್ಕ ಎದ್ದು ಇನ್ನೊಂದ್ಸಲ ಸತ್ತೆ."

ನನಗೆ ನಗು ತಡೆಯಲಾಗಲಿಲ್ಲ. ತಾಯಿಯೂ ಸೆರಗು ಬಾಯಿಗಿಟ್ಟುಕೊಂಡರು. ಆಮೇಲೆ ಗಟ್ಟಿಯಾಗಿ ಹೇಳಿದರು: "ದುಡ್ಡು ನಾನು ಈಗ್ಲೇ ಕೊಟ್ಟೇನು. ಕೊಟ್ರ ಇವನಿಗೆ ಬುದ್ಧಿ ಬರಲ್ಲ. ಹತ್ತಿ ಬರ್ಲಿ. ಈ ಸಲ ಕಳೆ ತೆಗಿಸೋದು, ಬಿಡಿಸೋದು, ಗಾಡಿ ಹೊಡೆಯೋದು ಎಲ್ಲಾ ಇವನೇ ಮಾಡ್ತಾನೆ."

ಸಂಕ್ರಾಂತಿ ಕಳೆದ ಮೇಲೆ ಅವರ ಗಾಡಿ ನಮ್ಮ ಅಂಗಡಿಯ ಮುಂದೆ ನಿಂತಿತು. ಬಿಸಿಲಿಗೆ ಕರಿಕಾಗಿದ್ದ ಗೆಳೆಯ ನೊಗದ ಹಿಂದೆ, ಹತ್ತಿ ತುಂಬಿದ ಅಂಡಿಗೆಯ ಮೇಲೆ ತಾಯಿ. ತೂಕವಾಗಿ ಸಾಹುಕಾರರು ಹಣ ಕೊಟ್ಟ ಕೂಡಲೇ ಅವರು ಮುನ್ನೂರನ್ನು ಬೇರೆ ಮಾಡಿ ಮಗನ ಕೈಗಿಟ್ಟರು. ಅವನು ನನ್ನ ಮುಖ ನೋಡದೆ ನನ್ನ ಕೈಗಿಟ್ಟ.

ಒಂದೆರಡು ತಿಂಗಳು ಮುನಿಸಿಕೊಂಡಿದ್ದ. ಆಮೇಲೆ ಒಂದು ಭಾನುವಾರ ಹೊಳೆಯ ದಂಡೆಯಲ್ಲಿ ಕೂತಿದ್ದಾಗ ತಾನಾಗಿಯೇ ಕೇಳಿದ:

"ಬಂದ ದಿನಾನೇ ಅವ್ವನ ಮುಂದ ಹೇಳಿದ್ರ ಒಂದು ಮಾತಿನಾಗ ಮುಗೀತಿತ್ತಲ್ಲೋ. ಒಂದು ವಾರ ಯಾಕ ಕೂತಿ?"

"ಮೊದಲ ದಿನ ದುಡ್ಡಿಗೇ ಕೂತಿದ್ದೆ" ಎಂದೆ. "ಎರಡನೇ ದಿನದಿಂದ ನಿಮ್ಮವ್ವನ ರೊಟ್ಟಿಗೆ."

ಅವನು ಹೊಳೆಗೆ ಒಂದು ಕಲ್ಲು ಎಸೆದು, "ಹಂಗಾದ್ರ ಏಳು, ಅವ್ವ ಒಲಿ ಹಚ್ಚಿರ್ತಾಳೆ" ಎಂದ.