ಚಪ್ಪಾಳೆ ತಟ್ಟಿ ಉಣಿಸಿದರು

ಮೇಡ್ಲೇರಿಯ ಶಂಭುಲಿಂಗ ಉಣ್ಣುವುದನ್ನು ನೋಡುವುದೇ ಒಂದು ಚೆಂದ. ಮದುವೆಯಾಗಿ ಗಳಗನಾಥದಿಂದ ಬಂದ ಹೊಸತರಲ್ಲಿ ಭುವನಾ ಒಲೆಯ ಮುಂದೆ ಕೂತು ಬೆರಗಾಗಿ ನೋಡುತ್ತಿದ್ದಳು. ಅವನು ಹೊಲದಿಂದ ಬಂದು ಕೈಕಾಲು ತೊಳೆದು ಕೂತನೆಂದರೆ ಅತ್ತೆ ಪ್ರೇಮವ್ವ ಬಡಿದ ರೊಟ್ಟಿ ಬುಟ್ಟಿಗೆ ಬೀಳುತ್ತಲೇ ಇರಲಿಲ್ಲ; ಹಂಚಿನಿಂದ ನೇರ ಮಗನ ತಾಟಿಗೆ ಹೋಗುತ್ತಿತ್ತು. ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. "ಉಣ್ಣೂ ಮಗಾ ಮನಿಗೆ ಬೆಳಕವ್ವಾ," ಎಂದು ಪ್ರೇಮವ್ವ ಸೊಸೆಗೆ ಹೇಳುತ್ತಿದ್ದಳು. ಉಂಡದ್ದೆಲ್ಲ ಸಂಜೆಯೊಳಗೆ ಹೊಳೆದಂಡೆಯ ಹೊಲದಲ್ಲಿ ಬೆವರಾಗಿ ಇಳಿಯುತ್ತಿತ್ತು.

ಮಗಳು ಕಾವೇರಿ ಶಾಲೆಗೆ ಹೋಗುವ ಹೊತ್ತಿಗೆ ಅವರು ರಾಣೇಬೆನ್ನೂರಿಗೆ ಬಂದು ಮನೆ ಮಾಡಿದರು. ಹೊಲ ಅಣ್ಣನ ಸುಪರ್ದಿಗೆ ಹೋಯಿತು. ಊರಲ್ಲಿ ಮೊದಲಿಂದಲೂ ಅಣ್ಣನ ಮಾತೇ ಮಾತು. ಶಂಭುಲಿಂಗನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಪೇಟೆಯಲ್ಲಿ ಒಂದು ಬೀಜದಂಗಡಿಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ಬರುವ ರೈತರಿಗೆ ಮಾಲೀಕನ ಹೆಸರು ಗೊತ್ತು, ಬೀಜದ ಹೆಸರು ಗೊತ್ತು, ಇವನದು ಗೊತ್ತಿಲ್ಲ. "ಏ ತಮ್ಮಾ, ಆ ಪಾಕೀಟ ಕೊಡು" ಅಂದರೆ ಮುಗಿಯಿತು. ಕೆಲಸ ಕುರ್ಚಿಯದ್ದಾಯಿತು, ಹಸಿವು ಮಾತ್ರ ಹೊಲದ್ದೇ ಉಳಿಯಿತು.

ಆ ವರ್ಷ ಬಸ್‌ಸ್ಟ್ಯಾಂಡಿನ ಕಡೆ ಸಮೀರ ಎಂಬ ಹುರುಪಿನ ಹುಡುಗ ಹೊಸ ಹೋಟೆಲು ತೆರೆದ. ಬಣ್ಣಬಣ್ಣದ ದೀಪ, ಪಿಜ್ಜಾ, ಬರ್ಗರು, ಕರಿದ ಕೋಳಿ. ಜನ ಬರಲೆಂದು ಒಂದು ಪಂದ್ಯ ಇಟ್ಟ: ಪರಾತದಷ್ಟು ದೊಡ್ಡ ತಾಟನ್ನು ಒಬ್ಬನೇ ಖಾಲಿ ಮಾಡಿದವನಿಗೆ ಊಟ ಫುಕಟ. ಅಂಗಡಿಯ ಗೆಳೆಯರು ಶಂಭುಲಿಂಗನನ್ನು ಎಳೆದುಕೊಂಡು ಹೋದರು. ಅವನು ಸಾವಕಾಶ, ನಗುನಗುತ್ತ, ಒಂದಗುಳೂ ಬಿಡದೆ ತಿಂದು ಮುಗಿಸಿದ. ಕೂಡಿದ ಮಂದಿ ಸಿಳ್ಳೆ ಹೊಡೆದು ಚಪ್ಪಾಳೆ ತಟ್ಟಿದರು. ಸಮೀರ ಅದನ್ನು ಫೋನಿನಲ್ಲಿ ಹಿಡಿದು, 'ರಾಣೇಬೆನ್ನೂರ ಭೀಮಣ್ಣ' ಎಂದು ಹೆಸರಿಟ್ಟು ರೀಲ್ಸು ಬಿಟ್ಟ.

ವಾರ ತುಂಬುವುದರೊಳಗೆ ಆ ರೀಲ್ಸು ಜಿಲ್ಲೆಯೆಲ್ಲ ಓಡಾಡಿತು. ಬೀಜದಂಗಡಿಗೆ ಬಂದವರು, "ಭೀಮಣ್ಣ ಅಂದ್ರ ನೀವಽ ಏನ್ರಿ?" ಎಂದು ಕೈ ಕುಲುಕಿ ಫೋಟೋ ತೆಗೆಸಿಕೊಂಡರು. ಅಂದು ಸಂಜೆ ಮನೆಗೆ ಬಂದ ಗಂಡನ ಮುಖದಲ್ಲಿದ್ದ ಬೆಳಕನ್ನು ಭುವನಾ ಮದುವೆಯ ದಿನವೂ ಕಂಡಿರಲಿಲ್ಲ.

"ಮಂದಿ ನನ್ನ ಗುರ್ತಾ ಹಿಡೀತಾರ ನೋಡ ಭುವನಾ," ಎಂದ.

ಅವಳಿಗೂ ಖುಷಿಯೇ ಆಯಿತು. ಅದನ್ನು ನೆನೆದು ಆಮೇಲೆ ಬಹಳ ಸಲ ಅತ್ತಳು.

ಅಲ್ಲಿಂದ ಕರೆಗಳು ಶುರುವಾದವು. ಬ್ಯಾಡಗಿಯಲ್ಲಿ ಬೇಕರಿ ತೆರೆದರೆ ಭೀಮಣ್ಣ ಬೇಕು. ಹಾವೇರಿಯಲ್ಲಿ ಬಿರಿಯಾನಿ ಅಂಗಡಿ ತೆರೆದರೆ ಭೀಮಣ್ಣ ಬೇಕು. ರಿಬ್ಬನ್ ಕತ್ತರಿಸಲು ಯಾರೇ ಬರಲಿ, ಮೊದಲ ತಾಟು ಇವನದು. ಕೊರಳಿಗೆ ಹಾರ ಹಾಕಿ, ಮುಂದೆ ತಿನಿಸಿನ ಗುಡ್ಡೆ ಹಾಕಿ, ಸುತ್ತ ನಿಂತು "ಭೀಮಣ್ಣಾ! ಭೀಮಣ್ಣಾ!" ಎಂದು ಕೂಗುತ್ತಿದ್ದರು. ಬರುವಾಗ ಡಬ್ಬಿ ಡಬ್ಬಿ ಕಟ್ಟಿ ಕಳಿಸುತ್ತಿದ್ದರು: ಕೇಕು, ಚಿಪ್ಸು, ದೊಡ್ಡ ದೊಡ್ಡ ಬಾಟಲಿ ಕೂಲ್‌ಡ್ರಿಂಕ್ಸು. ಭುವನಾ ಬಡಿದ ರೊಟ್ಟಿ ಒಣಗತೊಡಗಿದವು. "ಅಪ್ಪಾ, ಇವತ್ತೇನ ತಂದೀ?" ಎಂದು ಕಾವೇರಿ ಬಾಗಿಲಲ್ಲೇ ಕಾಯುತ್ತಿದ್ದಳು. ವರ್ಷ ಕಳೆಯುವುದರೊಳಗೆ ಅವಳ ಶಾಲೆಯ ಲಂಗ ಸೊಂಟಕ್ಕೆ ಹತ್ತದಾಯಿತು. ಶಂಭುಲಿಂಗನಿಗೆ ಬೀಜದಂಗಡಿಯ ಕುರ್ಚಿ ಇಕ್ಕಟ್ಟಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ. ಬಗ್ಗಿ ಚಪ್ಪಲಿ ಹಾಕಿಕೊಳ್ಳಲಾರದೆ ಭುವನಾಳನ್ನು ಕರೆಯುತ್ತಿದ್ದ.

ಅವಳು ಹಟ ಹಿಡಿದು ಡಾಕ್ಟರ್ ಧನಶ್ರೀಯವರ ಬಳಿ ಕರೆದೊಯ್ದಳು. ರಕ್ತ ಪರೀಕ್ಷೆ ಮಾಡಿಸಿ ಅವರು ಚೀಟಿಯನ್ನು ಭುವನಾಳ ಕಡೆ ತಿರುಗಿಸಿ ಹಿಡಿದರು. "ಸಕ್ಕರಿ ಕಾಯಿಲೆ ಜೋರ್ ಐತಿ. ಬೀಪೀನೂ ಐತಿ. ಈ ತಿನ್ನೂದು ಇವತ್ತಽ ನಿಲ್ಲಸ್ರಿ," ಅಂದರು.

ಅವನು ನಿಲ್ಲಿಸಲು ನೋಡಿದ. ಖರೇನೇ ನೋಡಿದ. ಬೆಳಿಗ್ಗೆ ಎದ್ದು ನಡೆಯಲು ಹೋದ. ಹಾದಿಯ ಮಂದಿ ಬಿಡಲಿಲ್ಲ. ಮಿರ್ಚಿ ಗಾಡಿಯವನು ಕೂಗಿ ಕರೆದು, "ಒಂದು ತಿಂದು ತೋರಸ್ರಿ ಭೀಮಣ್ಣಾ, ನನ್ನ ಗಾಡಿಗೂ ಗಿರಾಕಿ ಬರ್ಲಿ," ಎಂದು ಕೈಗೇ ಇಟ್ಟ. ಶಂಭುಲಿಂಗ ಬೇಡ ಎನ್ನಲಾರದೆ ಅಲ್ಲೇ ನಿಂತು ತಿಂದ.

ಒಂದು ಮಧ್ಯಾಹ್ನ ಭುವನಾ ಅವನ ಫೋನು ಹಿಡಿದು ರೀಲ್ಸಿನ ಕೆಳಗೆ ಜನ ಬರೆದದ್ದನ್ನು ಓದಿದಳು. ಮೊದಲಿನ ಹೊಗಳಿಕೆ ಎಂದೋ ಮುಗಿದಿತ್ತು. ಎಮ್ಮೆ, ಆನೆ, ಗೋಡೌನು. 'ಇವ ಯಾವಾಗ ಸಾಯ್ತಾನ?' ಎಂದು ಒಬ್ಬ ಕೇಳಿದ್ದ; ಅದಕ್ಕೆ ನಕ್ಕವರು ನೂರಾರು ಮಂದಿ. ಗಂಡ ಬಂದಾಗ ಫೋನು ಮುಂದಿಟ್ಟಳು.

"ಇದನ್ನೆಲ್ಲ ನೋಡೀರೇನು?"

"ನೋಡೇನಿ."

"ನೋಡಿನೂ ಹೋಗ್ತೀರಿ?"

ಅವನು ಫೋನು ಬೋರಲು ಹಾಕಿದ. "ನಗಾಡ್ಲಿ ಬಿಡು," ಎಂದ. "ನಗೂ ಮುಂದಾದ್ರೂ ನನ್ನ ಹೆಸರು ಹಿಡೀತಾರ. ಮೊದಲ ಅದೂ ಇರ್ಲಿಲ್ಲ."

ಹಾವೇರಿಯ ಐಸ್‌ಕ್ರೀಮ್ ಅಂಗಡಿಯವನು ಅಪ್ಪ-ಮಗಳು ಇಬ್ಬರೂ ಬರಬೇಕು, 'ಭೀಮಣ್ಣ ಮತ್ತು ಮರಿ ಭೀಮ' ಎಂದು ಬೋರ್ಡು ಮಾಡಿಸುತ್ತೇನೆ ಎಂದು ಫೋನು ಮಾಡಿದ. ಹೊರಡುವ ದಿನ ಭುವನಾ ಬಾಗಿಲಿಗೆ ಅಡ್ಡ ನಿಂತಳು. "ನಿಮ್ಮ ಮೈ ಊರಿಗೆ ಕೊಟ್ಟೀರಿ. ನನ್ನ ಮಗಳ ಮೈ ಕೊಡಾಕ ನಾ ಬಿಡಂಗಿಲ್ಲ."

ಶಂಭುಲಿಂಗ ಮಗಳ ಕಡೆ ನೋಡಿದ. ಅವಳು ಆಗಲೇ ಹೊಸ ಫ್ರಾಕು ಹಾಕಿಕೊಂಡು ತಯಾರಾಗಿದ್ದಳು. ಬೆನ್ನಿನ ಗುಂಡಿ ಹಾಕಲು ಬಾರದೆ ಪಿನ್ನು ಚುಚ್ಚಿಕೊಂಡಿದ್ದಳು. ಅವನು ಫೋನು ತೆಗೆದು, "ಇಲ್ರಿ, ನಾವು ಬರಂಗಿಲ್ರಿ," ಎಂದಷ್ಟೇ ಹೇಳಿ ಇಟ್ಟ. ಕಾವೇರಿ ಅತ್ತಳು. ಅವನು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ.

ಆದರೂ ಆ ಬೇಸಿಗೆಯಲ್ಲಿ ಬ್ಯಾಡಗಿಯಿಂದ ಒಂದು ಕರೆ ಬಂತು, ಹಳೆಯ ಪರಿಚಯದವರು. ಇದೊಂದಽ, ಇನ್ನ ಹೋಗಂಗಿಲ್ಲ ಎಂದು ಹೋದ. ಹೊಸ ಅಂಗಡಿಯ ಪೂಜೆಯ ಹೊತ್ತಿಗೆ ಬಿಸಿಲಲ್ಲಿ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತ. ಉಳಿದವರು ಕಾಲು ಎತ್ತಿ ಎತ್ತಿ ಇಡುತ್ತಿದ್ದರಂತೆ, ಇವನಿಗೆ ಸುಟ್ಟದ್ದೇ ತಿಳಿಯಲಿಲ್ಲ. ಸಕ್ಕರೆ ಕಾಯಿಲೆ ಅವನ ಪಾದದ ಅರಿವನ್ನು ಯಾವಾಗಲೋ ತಿಂದುಹಾಕಿತ್ತು. ಬೊಬ್ಬೆ ಎದ್ದಿತು, ಒಡೆಯಿತು, ಕೀವಾಯಿತು. ಭುವನಾ ಕಾಲುಚೀಲ ತೆಗೆದು ನೋಡುವ ಹೊತ್ತಿಗೆ ಬೆರಳು ಕಪ್ಪಾಗಿತ್ತು. ದಾವಣಗೆರೆಯ ಆಸ್ಪತ್ರೆಯಲ್ಲಿ ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಕೊನೆಗೆ ಮೊಣಕಾಲಿನ ಕೆಳಗೆ ಏನೂ ಉಳಿಯಲಿಲ್ಲ.

ಹಾರ ಹಾಕಿದವರಲ್ಲಿ ನೋಡಲು ಬಂದವನು ಸಮೀರ ಒಬ್ಬನೇ. ಮನೆಗೆ ಬಂದು ಮಂಚದ ಹತ್ತಿರ ಕೂತ. ರೂಢಿಯಂತೆ ಫೋನು ತೆಗೆದವನು ಭುವನಾಳ ಮುಖ ನೋಡಿ ಕಿಸೆಗೆ ಹಾಕಿಕೊಂಡ.

"ಸಮೀರಾ, ನಿನ್ನ ಅಂಗಡಿ ಮುಂದ ನನ್ನ ಫೋಟೋ ಇನ್ನೂ ಐತೇನು?" ಎಂದು ಶಂಭುಲಿಂಗ ಕೇಳಿದ.

"ಐತಿ ಶಂಭಣ್ಣಾ. ಎಲ್ಲಿ ಹೋಗ್ತದ?"

ಆಸ್ಪತ್ರೆಯಿಂದ ಬರುವಾಗ ಭುವನಾ ನೋಡಿದ್ದಳು. ಆ ಜಾಗದ ಫೋಟೋದಲ್ಲಿ ಬೇರೆ ಯಾವನೋ ಹರೆಯದವನು ಬಾಯ್ತೆರೆದು ನಿಂತಿದ್ದ. ಅವಳು ಗಂಡನ ಹೊದಿಕೆ ಸರಿಮಾಡಿದಳು. ಸಮೀರ ಹೋಗುವಾಗ ಹೊಸ್ತಿಲಲ್ಲಿ ನಿಂತು, "ವೈನಿ, ನಾ ಹಿಂಗ ಆಗ್ತದಂತ ತಿಳಿದಿದ್ದಿಲ್ರಿ," ಎಂದ. ಅವನ ಕಣ್ಣು ಒದ್ದೆಯಾಗಿದ್ದವು. "ನನಗೂ ಗೊತ್ತಿದ್ದಿಲ್ಲಪಾ," ಎಂದಳು ಅವಳು.

ಮಳೆಗಾಲದ ಒಂದು ಮಧ್ಯಾಹ್ನ ಶಂಭುಲಿಂಗ ಎದೆ ಹಿಡಿದುಕೊಂಡು ಹೋಗಿಬಿಟ್ಟ. ನಲವತ್ತೂ ದಾಟಿರಲಿಲ್ಲ. ಮೇಡ್ಲೇರಿಯ ಹೊಲದಲ್ಲಿ, ಹರೆಯದಲ್ಲಿ ಅವನೇ ಉತ್ತ ಮಣ್ಣಿನಲ್ಲಿ ಮಣ್ಣು ಮಾಡಿದರು. ಹೊರುವವರು ನಾಲ್ಕು ಮಂದಿ ಸಾಲದೆ ಟ್ರ್ಯಾಕ್ಟರ್ ತರಿಸಬೇಕಾಯಿತು. ಅದನ್ನೂ ಯಾರೋ ಫೋನಿನಲ್ಲಿ ಹಿಡಿಯುತ್ತಿದ್ದರು. ಅಣ್ಣ ಬೈದು ಓಡಿಸಿದ.

ಮೂರನೆಯ ದಿನ ಮಣ್ಣು ಮಾಡಿದ ಗದ್ದುಗೆಗೆ ಎಡೆ ಇಡಲು ಎಲ್ಲರೂ ಹೋದರು. ಸತ್ತವರಿಗೆ ಸೇರುತ್ತಿದ್ದದ್ದನ್ನು ಇಡುವ ಪದ್ಧತಿ. ಪ್ರೇಮವ್ವ ರೊಟ್ಟಿ, ಬದನೆಕಾಯಿ ಪಲ್ಯ ತಂದಿದ್ದಳು. ಬಂಧುಗಳು ಒಬ್ಬೊಬ್ಬರಾಗಿ ಚೀಲ ಬಿಚ್ಚಿದರು: ಚಿಪ್ಸಿನ ಪಾಕೀಟು, ಕೆಂಪು ಕೂಲ್‌ಡ್ರಿಂಕು, ಕ್ರೀಮು ಹಚ್ಚಿದ ಕೇಕು. ಎಲ್ಲ ಮಣ್ಣಿನ ಮೇಲೆ ಸಾಲಾಗಿ ಕೂತವು. ಒದ್ದು ಚೆಲ್ಲಬೇಕೆಂದು ಭುವನಾಳ ಕಾಲು ಎದ್ದಿತು. ಅಷ್ಟರಲ್ಲಿ ಪ್ರೇಮವ್ವ, "ಇಡ್ರವ್ವಾ, ಇಡ್ರಿ. ನನ್ನ ಮಗಗ ಅದಽ ಸೇರ್ತಿತ್ತು," ಎಂದು ಸೆರಗು ಬಾಯಿಗೊತ್ತಿಕೊಂಡಳು. ಅದು ಸುಳ್ಳಾಗಿದ್ದರೆ ಭುವನಾ ಕೂಗಾಡಬಹುದಿತ್ತು. ಬದಿಗೆ ಸರಿದು ನಿಂತಳು.

ಅಂದಿನಿಂದ ಕಾವೇರಿ ಉಣ್ಣುವುದನ್ನು ಬಿಟ್ಟಳು. ಒಮ್ಮೆಲೇ ಏನಲ್ಲ. ಮೊದಲು ರೊಟ್ಟಿ ಅರ್ಧ ಬಿಟ್ಟಳು. ಆಮೇಲೆ ಹಸಿವಿಲ್ಲ ಅಂದಳು. ಶಾಲೆಯ ಡಬ್ಬಿಯನ್ನು ಬೀದಿನಾಯಿಗೆ ಸುರಿದು ಬರುತ್ತಿದ್ದಳೆಂದು ಮನೆ ಪಕ್ಕದ ಹಾಜಿರಾಬಿ ಬಂದು ಹೇಳಿದಳು. ಭುವನಾ ತಾಟು ಹಿಡಿದು ಮಗಳ ಮುಂದೆ ಕೂತಳು.

"ಯಾಕ ಕಾವೇರಿ? ನಿನಗ ಸೇರೂ ಪಲ್ಯ ಮಾಡೇನಿ."

ಹುಡುಗಿ ತಾಟು ನೋಡಲಿಲ್ಲ. "ಉಂಡ್ರ ನನ್ನ ಕಾಲೂ ಕೊಯ್ತಾರವ್ವಾ."

ಭುವನಾ ಅವಳನ್ನು ತೊಡೆಗೆ ಎಳೆದುಕೊಂಡಳು. ಹತ್ತು ವರ್ಷದ ಮಗಳು ಈಗ ಎತ್ತಲು ಹಗುರಾಗಿದ್ದಳು. ರೊಟ್ಟಿಯ ಒಂದು ಚೂರು ಮುರಿದು ತಾನು ಬಾಯಿಗೆ ಹಾಕಿಕೊಂಡು ಅಗಿದಳು. ಇನ್ನೊಂದು ಚೂರು ಮುರಿದು ಮಗಳ ತುಟಿಯ ಹತ್ತಿರ ಹಿಡಿದಳು. ಕಾವೇರಿ ಬಾಯಿ ಬಿಗಿ ಹಿಡಿದೇ ಇದ್ದಳು. ಭುವನಾ ಕೈ ಇಳಿಸಲಿಲ್ಲ.