ಕಿರುಗೊಮಾಕಿನ ಕಲ್ಲು ತಿರುಗಿಸುವಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾ ಬೊಕ್‌ಶಿಲ್ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಹೆಗಲಿಗೆ ಹಾರೆ ಒರಗಿಸಿಕೊಂಡು ಕಿರುಗೊಮಾಕ್ ದ್ವೀಪದ ದಡದಲ್ಲಿ ನಿಂತಿದ್ದಾರೆ. ಕಡಲು ಇಳಿಯುತ್ತಿದೆ. ನೀರು ಸರಿದಂತೆ ಕೆಸರಿನಲ್ಲಿ ಒಂದೊಂದೇ ಕಲ್ಲು ತಲೆ ಎತ್ತುತ್ತದೆ. ಇಲ್ಲಿಂದ ಎದುರಿನ ದೊಡ್ಡ ಗೊಮಾಕ್‌ವರೆಗೆ, ಒಂದು ಹೆಜ್ಜೆಗೆ ಒಂದರಂತೆ ಕಲ್ಲು ಹಾಸಿದ ಈ ಸಾಲೇ ಎರಡು ದ್ವೀಪಗಳ ನಡುವಿನ ದಾರಿ. ಚರ್ಚು, ಅಂಗಡಿ, ಔಷಧಿ ಎಲ್ಲ ಆಚೆ ದಡದಲ್ಲಿವೆ.

ಮೊದಲ ಕಲ್ಲಿನ ಮೇಲೆ ನಿಂತು ಬೊಕ್‌ಶಿಲ್ ಮಾತು ಶುರುಮಾಡುತ್ತಾರೆ. ನೆರವಿಗೆಂದು ಆಚೆ ದಡದ ಚರ್ಚಿನಿಂದ ಬಂದಿರುವ ನನ್ನ ಜೊತೆಗಲ್ಲ, ಕರ್ತನಾದ ದೇವರ ಜೊತೆ. "ಇವತ್ತು ಪಕ್ಕದ್ಮನೆ ಓಕ್ಬುನಕ್ಕನ್ನ ದಾಟಿಸ್ಬೇಕು ಸ್ವಾಮಿ. ನಿಂಗೂ ಗೊತ್ತಿದೆ. ಮರೆತಿದ್ರೆ ಇರ್ಲಿ ಅಂತ ಹೇಳ್ದೆ."

ಕಲ್ಲಿನ ಮೇಲ್ಮುಖಕ್ಕೆ ಪಾಚಿ ಕಟ್ಟಿದರೆ ಕಾಲಿಟ್ಟವರು ನೇರ ಕೆಸರಿಗೆ. ಹಾರೆ ಹಾಕಿ ಕಲ್ಲನ್ನು ಮಗುಚಿ, ಪಾಚಿ ಹಿಡಿದ ಮುಖ ಕೆಳಗೆ ಬರುವಂತೆ ಕೂರಿಸಬೇಕು. ಹಿಂದೆ ಮನೆಗೊಬ್ಬರಂತೆ ಬಂದು ವರ್ಷಕ್ಕೊಮ್ಮೆ ಈ ಕೆಲಸ ಮಾಡುತ್ತಿದ್ದರು. ಈಗ ಕಿರುಗೊಮಾಕಿನಲ್ಲಿ ಹಾರೆ ಎತ್ತುವವರು ಎಂದರೆ ಅರವತ್ತೆಂಟರ ಬೊಕ್‌ಶಿಲ್ ಒಬ್ಬರೇ. ಸಂಬಳವಿಲ್ಲ, ಸನ್ಮಾನವಿಲ್ಲ. ದಾಟುವ ಬಹುಪಾಲು ಜನಕ್ಕೆ ಕಲ್ಲು ತಾನಾಗಿಯೇ ಸ್ವಚ್ಛವಾಗಿರುವುದಿಲ್ಲ ಎಂಬುದೂ ಹೊಳೆದಿಲ್ಲ.

ಹೊಟ್ಟೆಪಾಡು ಬೇರೆ ಇದೆ. ಇಳಿತದ ಹೊತ್ತಿನಲ್ಲಿ ಕೆಸರಿಗೆ ಕೈ ಹಾಕಿ ಸಣ್ಣ ಆಕ್ಟೋಪಸ್ ಹಿಡಿಯುತ್ತಾರೆ. ಒಳ್ಳೆಯ ದಿನ ಇಪ್ಪತ್ತು ಸಿಗುತ್ತವೆ, ಕೆಟ್ಟ ದಿನ ಎರಡು. ಮದುವೆಯಾಗಿ ಬಂದಾಗ ಕೆಸರೆಂದರೆ ಅಸಹ್ಯಪಡುತ್ತಿದ್ದ ಹುಡುಗಿ. ಕಲ್ಲು ಮಗುಚುವುದನ್ನು ಕಲಿಸಿದ್ದು ಗಂಡ. ಆತ ಶ್ವಾಸಕೋಶದ ಕಾಯಿಲೆಯಿಂದ ಹೋದಾಗ ಇಬ್ಬರು ಹೆಣ್ಣುಮಕ್ಕಳು ಇನ್ನೂ ಚಿಕ್ಕವರು. ಅವರನ್ನು ಈ ಕೆಸರೇ ಓದಿಸಿ ಮದುವೆ ಮಾಡಿಸಿತು.

ಗಂಡ ಹೋದ ವರ್ಷವೇ ಒಂದು ಬೆಳಿಗ್ಗೆ ಅವರು ದಾರಿಯ ನಡುವೆ ಇದ್ದಾಗ ದಟ್ಟ ಮಂಜು ಮುಸುಕಿತು. ಮುಂದೆ ಹಿಂದೆ ಏನೂ ಕಾಣದು, ನೀರು ಬರುವ ಹೊತ್ತು. "ಅತ್ತು ಕೂಗಾಡಿ, ದಾರಿ ತೋರ್ಸು ಕರ್ತನೇ ಅಂದೆ. ಆತ ದಾರಿ ತೋರಿಸಲ್ಲ ಕಣಪ್ಪ. ಒಂದು ಕಲ್ಲು ತೋರಿಸ್ತಾನೆ. ಅದರ ಮೇಲೆ ನಿಂತ ಮೇಲೆ ಇನ್ನೊಂದು. ಮುಂಚೇನೇ ಎಲ್ಲ ತೋರಿಸಿದ್ರೆ ನಾವು ಆತನ್ನ ಬಿಟ್ಟು ಓಡಿಬಿಡ್ತೀವಿ ಅಂತ ಗೊತ್ತು ಆತನಿಗೆ."

ಅಂದಿನಿಂದ ಪ್ರತಿಯೊಂದಕ್ಕೂ ಕೇಳುವುದು ರೂಢಿ. ಯಾವ ಕಲ್ಲು ಮಗುಚಲಿ, ಕೆಸರಿನ ಯಾವ ಬಿಲಕ್ಕೆ ಕೈ ಹಾಕಲಿ, ಇವತ್ತು ಸಾರಿಗೆ ಮೂಲಂಗಿಯೋ ಸೊಪ್ಪೋ. ಊರವರು ಗೇಲಿ ಮಾಡದೆ ಬಿಟ್ಟಿಲ್ಲ. ಅವರಲ್ಲಿ ಮೊದಲಿಗರು ಪಕ್ಕದ ಮನೆಯ ಪಂಗ್ ಓಕ್ಬುನ್, ಎಂಬತ್ತೆರಡರ ಅಜ್ಜಿ. "ಮೂಲಂಗಿ ಹೆಚ್ಚೋಕೂ ನಿಮ್ಮ ಕರ್ತನೇ ಬರ್ಬೇಕೇನೇ? ಆತನಿಗೆ ಮನೆ ಮಠ ಇಲ್ವಾ?" ಎನ್ನುತ್ತ ನಲವತ್ತು ವರ್ಷ ಕಳೆದವರು.

ಆ ಓಕ್ಬುನಜ್ಜಿ ಈ ಚಳಿಗಾಲದಲ್ಲಿ ಒಮ್ಮೆಲೇ, ಈಸ್ಟರ್ ಹಬ್ಬಕ್ಕೆ ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತಳಾಗುತ್ತೇನೆ ಎಂದರು. ಯಾಕೆಂದು ಹೇಳಲಿಲ್ಲ. ಆದರೆ ಆಚೆ ದಡಕ್ಕೆ ದೋಣಿ ಹತ್ತುವುದಿಲ್ಲ; ಅವರ ಗಂಡನನ್ನು ಕಡಲು ನುಂಗಿದ್ದು ದೋಣಿಯ ಸಮೇತ. ಪಾಸ್ಟರ್ ನಾಮ್ಗುಂಗ್ ಅವರು ಮನೆಗೇ ಬರುತ್ತೇನೆ ಎಂದರೆ ಅದೂ ಬೇಡ. "ದೇವರ ಮನೆಗೆ ನಾನು ಹೋಗೋದು ಮರ್ಯಾದೆ. ಈ ಸಲ ಆದ್ರೆ ಆಯ್ತು. ಬರೋ ವರ್ಷ ಈ ಕಾಲು ನಡೀತದೋ ಇಲ್ವೋ."

ಈಸ್ಟರ್ ಹುಣ್ಣಿಮೆಯ ಬೆನ್ನಿಗೇ ಬರುವ ಹಬ್ಬ. ಹುಣ್ಣಿಮೆಯ ಸುತ್ತಮುತ್ತ ನಮ್ಮ ಕಡಲಲ್ಲಿ ಬೆಳಗಿನ ಜಾವ ಉಬ್ಬರವಿರುವುದರಿಂದ, ಹಬ್ಬದ ಜಾವದ ಆರಾಧನೆಯ ಹೊತ್ತಿಗೆ ಸಾಮಾನ್ಯವಾಗಿ ಕಲ್ಲುಗಳು ನೀರಿನಡಿಯಲ್ಲಿರುತ್ತವೆ. ಕಿರುಗೊಮಾಕಿನವರು ಶನಿವಾರವೇ ದಾಟಿ, ಚರ್ಚಿನ, ಅಡಿಯಿಂದ ಕಾಯಿಸಿದ ಬೆಚ್ಚನೆ ನೆಲದ ಮೇಲೆ ಮಲಗುವುದು ವಾಡಿಕೆ. ಅಂದರೆ ಅಜ್ಜಿ ದಾಟಬೇಕಾದ್ದು ಇವತ್ತೇ.

ಅದಕ್ಕಾಗಿ ಬೊಕ್‌ಶಿಲ್ ಈ ವಾರ ಎಂದೂ ಮಾಡದ ಕೆಲಸ ಮಾಡಿದ್ದಾರೆ. ಇಡೀ ಸಾಲಿನ ಕಲ್ಲುಗಳನ್ನೆಲ್ಲ ಒಟ್ಟಿಗೆ ಮಗುಚಿದ್ದಾರೆ. ದಾರಿ ಫಳಫಳ ಎನ್ನುತ್ತಿದೆ. ಆದರೆ ಮಗುಚಿದ ಕಲ್ಲು ಕೆಸರಿನಲ್ಲಿ ಕಚ್ಚಿ ಕೂರಲು ಹದಿನೈದು ದಿನವಾದರೂ ಬೇಕು. ಅದಕ್ಕೇ ಯಾವಾಗಲೂ ಅಲ್ಲೊಂದು ಇಲ್ಲೊಂದು ಮಗುಚುತ್ತಿದ್ದವರು ಇವರು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ಮಾತು ಭಕ್ತರನ್ನೂ ಬಿಡುವುದಿಲ್ಲ.

ಒಂಬತ್ತರ ಹೊತ್ತಿಗೆ ಹೊರಡುತ್ತೇವೆ. ಮುಂದೆ ಬೊಕ್‌ಶಿಲ್, ನಡುವೆ ಕೋಲೂರಿಕೊಂಡು ಅಜ್ಜಿ, ಹಿಂದೆ ಅಜ್ಜಿಯ ಹಬ್ಬದ ಬಟ್ಟೆಯ ಗಂಟು ಹೊತ್ತ ನಾನು. ಒಂದೊಂದು ಕಲ್ಲೂ ತೊಟ್ಟಿಲಿನಂತೆ ಅಲ್ಲಾಡುತ್ತದೆ. ಕಾಲು ಭಾಗ ದಾರಿ ಕಳೆಯುವಷ್ಟರಲ್ಲಿ ಅಜ್ಜಿಯ ಕೋಲು ಕೆಸರಲ್ಲಿ ಹೂತು, ಅವರು ಕಲ್ಲಿನ ಮೇಲೆ ಕುಕ್ಕರಿಸುತ್ತಾರೆ.

"ನಿನ್ನ ಕರ್ತ ನಂಗೆ ಬರಬೇಡ ಅಂತಿದಾನೆ ಕಣೇ."

"ಆತ ಅಂದಿದ್ದು ನಂಗಕ್ಕ," ಎನ್ನುತ್ತಾರೆ ಬೊಕ್‌ಶಿಲ್. ಮುಖ ಬಾಡಿದೆ. "ಕಲ್ಲು ಮಗುಚೋಕೆ ಹೊರಟ ಮೊದಲನೇ ದಿನಾನೇ ಸಾಕು ನಿಲ್ಸು ಅಂದ ಹಾಗಾಯ್ತು. ಕೇಳಿಸಿದ್ರೂ ಕೇಳಿಸದ ಹಾಗೆ ಮಾಡ್ದೆ. ನಿನ್ನನ್ನ ನಾನೇ ದಾಟಿಸ್ತೀನಿ ಅನ್ನೋ ಜಂಬ."

"ಹೋಗ್ಲಿ ಬಿಡೆ. ಈಗ ಕೇಳು. ಕೆಲಸ ಕೆಡಿಸಿದ ಮೇಲಾದ್ರೂ ಕೇಳು."

ಬೊಕ್‌ಶಿಲ್ ಅಲ್ಲೇ ಕಣ್ಣು ಮುಚ್ಚುತ್ತಾರೆ. ಸುತ್ತ ಕೆಸರಿನಲ್ಲಿ ಏಡಿಗಳು ಓಡಾಡುತ್ತಿವೆ. ನೀರು ತಿರುಗಿದರೆ ಏನು ಗತಿ ಎಂದು ನನಗೆ ಒಳಗೊಳಗೇ ಅಳುಕು. ಬೊಕ್‌ಶಿಲ್ ಕಣ್ಣು ಬಿಟ್ಟವರೇ ಬಂದ ದಾರಿಯಲ್ಲಿ ವಾಪಸ್ ನಡೆಯುತ್ತಾರೆ.

"ನೋಡಪ್ಪ, ನಮ್ಮನ್ನ ಬಿಟ್ಟು ಹೋದ್ಲು," ಎನ್ನುತ್ತಾರೆ ಅಜ್ಜಿ. ಆದರೆ ದನಿಯಲ್ಲಿ ಭಯವಿಲ್ಲ. ಸೊಂಟದ ಚೀಲದಿಂದ ಒಣಗಿಸಿದ ಗೆಣಸಿನ ತುಂಡು ತೆಗೆದು ನನಗೂ ಕೊಡುತ್ತಾರೆ. ಕಡಲ ನಡುವೆ ಕೂತು ಇಬ್ಬರೂ ಗೆಣಸು ಜಗಿಯುತ್ತೇವೆ.

ಸ್ವಲ್ಪ ಹೊತ್ತಿಗೆ ಬೊಕ್‌ಶಿಲ್ ಒಂದು ಹಲಗೆಯೊಂದಿಗೆ ಕೆಸರಿನ ಮೇಲೆ ಜಾರುತ್ತ ಬರುತ್ತಾರೆ. ಆಕ್ಟೋಪಸ್ ಹಿಡಿಯುವ ಹೆಂಗಸರ ಉದ್ದನೆಯ ಹಲಗೆ ಅದು. ಒಂದು ಮೊಣಕಾಲು ಹಲಗೆಯ ಮೇಲೂರಿ, ಇನ್ನೊಂದು ಕಾಲಿನಿಂದ ಕೆಸರನ್ನು ತಳ್ಳುವುದು. ಮೀನಿನ ಬುಟ್ಟಿ ಇಡುವ ಜಾಗಕ್ಕೆ ಮನೆಯ ಹಾಸಿಗೆಯನ್ನೇ ಮಡಚಿ ತಂದಿದ್ದಾರೆ.

"ಕರ್ತ ಹಲಗೆ ಅಂದನಾ?" ಎಂದು ನಾನು ಕೇಳುತ್ತೇನೆ.

"ಏನೂ ಅನ್ಲಿಲ್ಲ. ನಾನೇ ದಾಟಿಸ್ತೀನಿ ಅನ್ನೋ ಜಂಬ ಇಳೀತು. ಇಳಿದ ಮೇಲೆ ದಿನಾ ಹತ್ತೋ ಹಲಗೆ ನೆನಪಾಯ್ತು. ಅಷ್ಟು ಹೇಳ್ಕೊಟ್ರೆ ಸಾಲದಾ?"

ಅಜ್ಜಿಯನ್ನು ಹಾಸಿಗೆಯ ಮೇಲೆ ಕೂರಿಸಿ ಬೊಕ್‌ಶಿಲ್ ಹಿಂದಿನಿಂದ ತಳ್ಳುತ್ತಾರೆ. ನಾನು ಗಂಟು ಹೊತ್ತು ಪಕ್ಕದ ಕಲ್ಲುಗಳ ಮೇಲೆ ಓಲಾಡುತ್ತ ಓಡುತ್ತೇನೆ. "ಮೆಲ್ಲಗೆ ಕಣೇ, ನಾನು ಆಕ್ಟೋಪಸ್ ಅಲ್ಲ," ಎಂದು ಬೈಯುತ್ತಿದ್ದ ಅಜ್ಜಿ ಅರ್ಧ ದಾರಿ ದಾಟಿದ ಮೇಲೆ "ಇನ್ನೂ ಸ್ವಲ್ಪ ಜೋರಾಗಿ ತಳ್ಳು" ಎನ್ನುತ್ತಾರೆ. ಆಚೆ ದಡದಲ್ಲಿ ಪಾಸ್ಟರ್ ನಾಮ್ಗುಂಗ್ ಕೈ ಕೊಡಲು ಕೆಸರಿಗಿಳಿದು ಒಂದು ಶೂ ಕಳೆದುಕೊಳ್ಳುತ್ತಾರೆ. ತಲೆಯಿಂದ ಪಾದದವರೆಗೆ ಕೆಸರಾದ ಅಜ್ಜಿ ಅವರನ್ನು ನೋಡಿ, "ದೀಕ್ಷಾಸ್ನಾನಕ್ಕೆ ನೀವು ತಲೆ ಮೇಲೆ ನಾಲ್ಕು ಹನಿ ಹಾಕ್ತೀರಂತೆ. ಇಷ್ಟು ಕೊಳೆಗೆ ಅಷ್ಟು ಸಾಕಾ?" ಎಂದು ಕೇಳುತ್ತಾರೆ.

ಭಾನುವಾರ ಬೆಳಗಿನ ಜಾವ. ಓಕ್ಬುನಜ್ಜಿ ಗುಲಾಬಿ ಬಣ್ಣದ ಹಬ್ಬದ ಬಟ್ಟೆಯಲ್ಲಿ ಸಭೆಯ ಮುಂದೆ ಕೂತಿದ್ದಾರೆ. ದೀಕ್ಷಾಸ್ನಾನಕ್ಕೆ ಮೊದಲು ಸಾಕ್ಷಿ ಹೇಳುವುದು, ಅಂದರೆ ನಂಬಿಕೆಗೆ ಬಂದದ್ದು ಹೇಗೆಂದು ಸಭೆಗೆ ತಿಳಿಸುವುದು, ನಮ್ಮ ಚರ್ಚಿನ ಪದ್ಧತಿ. "ಅಜ್ಜಿ, ಇಷ್ಟು ವರ್ಷ ಬೇಡ ಅಂದೋರು ಈಗ್ಯಾಕೆ ಮನಸ್ಸು ಮಾಡಿದ್ರಿ?" ಎನ್ನುತ್ತಾರೆ ಪಾಸ್ಟರ್.

"ನಮ್ಮ ಅಡುಗೆಮನೆ ಕಿಟಕಿಯಿಂದ ಆ ಕಲ್ಲುಗಳೆಲ್ಲ ಕಾಣ್ತವೆ," ಎಂದು ಅಜ್ಜಿ ಶುರುಮಾಡುತ್ತಾರೆ. "ಈ ಬೊಕ್‌ಶಿಲ್ ತನ್ನ ಗಂಡ ಹೋದ ಮೇಲೆ ದಿನಾ ಅಲ್ಲಿ ಒಬ್ಬಳೇ ನಿಂತು ಮಾತಾಡ್ತಾಳೆ. ಹುಚ್ಚು ಹಿಡೀತು ಅಂದ್ಕೊಂಡೆ. ಆದ್ರೆ ಹುಚ್ಚು ಹಿಡಿದೋರು ಇಷ್ಟು ವರ್ಷ ನಗ್ತಾ ಮನೆಗೆ ಬರಲ್ಲ. ಅಲ್ಲಿ ಯಾರೋ ಇದ್ದಾರೆ. ಸಾಯೋದ್ರೊಳಗೆ ನಾನೂ ಅವರ ಪರಿಚಯ ಮಾಡ್ಕೋಬೇಕು."

ಸಭೆ ನಗುತ್ತದೆ. ಬೊಕ್‌ಶಿಲ್ ಒಬ್ಬರೇ ನಗುವುದಿಲ್ಲ. ಸೆರಗಿಲ್ಲದ ಉಡುಪು, ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ.

ಆಮೇಲೆ ಚರ್ಚಿನ ಮೆಟ್ಟಿಲ ಮೇಲೆ ಕೂತು ಹಬ್ಬದ ಮೊಟ್ಟೆ ಸುಲಿಯುತ್ತಿದ್ದ ಬೊಕ್‌ಶಿಲ್ ಬಳಿ, ಅಂತೂ ಅಜ್ಜಿಯನ್ನು ಗೆದ್ದಿರಲ್ಲ ಎನ್ನುತ್ತೇನೆ. ಅವರು ಇಲ್ಲವೆಂದು ತಲೆಯಾಡಿಸುತ್ತಾರೆ.

"ಮುಖಕ್ಕೆ ಮುಖ ಕೊಟ್ಟು ನಲವತ್ತು ವರ್ಷ ಅವಳಿಗೆ ಹೇಳಿದ್ದು ಒಂದೂ ನಾಟಲಿಲ್ಲ ಕಣಪ್ಪ. ಅವಳಿಗೆ ಬೆನ್ನು ಹಾಕ್ಕೊಂಡು ಆತನ ಹತ್ರ ಆಡಿದ್ದೇ ನಾಟಿತು."