ಒಲೆಯ ಮುಂದೆ ಹತ್ತು ಹೆಸರು

ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂದರೆ ಈಗಲೂ ನನಗೆ ಎದ್ದು ಓಡಬೇಕು ಅನಿಸುತ್ತದೆ. ಕೊಳಕೂರಿನ ನಮ್ಮ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವಾಗ ನನ್ನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ಅವಳಿಗೆ ಓದು ಬರಹ ಬರುವುದಿಲ್ಲ. ಅಡುಗೆಮನೆಯ ಹತ್ತು ಸಾಮಾನಿಗೆ ಇಂಗ್ಲಿಷ್ ಹೆಸರು ಹೇಳಿದರೆ ಮಾತ್ರ ಆಟಕ್ಕೆ ಬಿಡುತ್ತಿದ್ದಳು. ಹೊರಗೆ ಗೆಳತಿಯರ ಕೂಗು ಕೇಳಿದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆಲ್ಲ ನಾನೇ ಹೆಸರು ಹುಟ್ಟಿಸುತ್ತಿದ್ದೆ. ಕೊಡಕ್ಕೆ ಬುಂಡರ್, ಜರಡಿಗೆ ಟಾಸಿನ್. ಅವ್ವ ತಲೆಯಾಡಿಸಿ ಬಿಟ್ಟುಬಿಡುತ್ತಿದ್ದಳು.

ಒಮ್ಮೆ ಶಾಲೆಯಲ್ಲಿ ತಾಯಂದಿರ ಸಭೆ ಇತ್ತು. ಟೀಚರ್ ಗೋಡೆಯ ಮೇಲಿನ ಕೊಡದ ಚಿತ್ರ ತೋರಿಸಿ, "ಇದಕ್ಕ ಇಂಗ್ಲಿಷಿನ್ಯಾಗ ಏನಂತಾರ, ಯಾರರ ಹೇಳ್ತೀರೇನ್ರಿ?" ಎಂದರು.

ಅವ್ವ ಎದ್ದು ನಿಂತಳು. "ಬುಂಡರ್ ಅಂತಾರ್ರಿ. ನನ್ನ ಮಗಳ ಕಲಿಸ್ಯಾಳ."

ಎಲ್ಲರೂ ನಕ್ಕರು.

ಸಂಜೆ ಅವ್ವ ಹಿಟ್ಟು ನಾದುತ್ತ ಹೇಳಿದಳು: "ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನಬೇಕಿತ್ತು ಬೇ. ನಾ ಹೊಲಕ್ಕ ಹೋಗೂಮುಂದ ದಿನಾ ಬಾಯಿಪಾಠ ಮಾಡಾಕತ್ತಿದ್ದೆ."

ಆಮೇಲೆ ಅವಳು ಹೆಸರು ಕೇಳಲೇ ಇಲ್ಲ. ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟೆ. ಅದರಲ್ಲಿ ಯಾರ ತಪ್ಪೂ ಇಲ್ಲ, ನನಗೆ ಕೂರಲಾಗಲಿಲ್ಲ, ಅಷ್ಟೇ.

ಇವತ್ತು ಅಕ್ಕನ ಮಗಳು ಒಲೆಯ ಮುಂದೆ ಕೂತು, "ಚಿಗವ್ವ, ಜರಡಿಗಿ ಇಂಗ್ಲಿಷಿನ್ಯಾಗ ಏನಂತಾರ?" ಎಂದಳು.

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ನನ್ನ ನಾಲಿಗೆಯ ತುದಿಗೆ ಒಂದು ಹೆಸರು ಬಂದೇ ಬಿಟ್ಟಿತ್ತು.

"ನನಗ ಗೊತ್ತಿಲ್ಲವ್ವ," ಎಂದೆ.

ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು.